ತನ್ನ ಹೆಸರು ತಾನೇ ಇಟ್ಟುಕೊಂಡ ಎರಿಕ್ ಎರಿಕ್‌ಸನ್

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ಸೈನ್ಸೋ ಕಾಮರ್ಸೋ ಎಂದು. ನಾನು ಬಾಯಿ ಬಿಡಲಿಲ್ಲ. ಜಗಲಿಯ ಮೇಲೆ ಕೂತಿದ್ದ ಮಾವ ಸೈನ್ಸ್ ಎಂದರು. ಅಲ್ಲಿಂದ ಪಿಯುಸಿ, ಬಿ.ಇ., ಬೆಂಗಳೂರು, ಸಾಫ್ಟ್‌ವೇರ್ ಕೆಲಸ. ಕೆಲಸದ ಬಗ್ಗೆ ನನಗೆ ದೂರಿಲ್ಲ. ಆದರೆ ಅಂದಿನ ಆ ಮೌನ ಮಾತ್ರ ಬಹಳ ವರ್ಷ ಕಾಡಿತು. ನನ್ನ ಹೆಂಡತಿ ಬಿ.ಎಡ್. ಓದುವಾಗ ಅವಳ ಮನೋವಿಜ್ಞಾನದ ಪುಸ್ತಕದಲ್ಲಿ ಆ ಮೌನಕ್ಕೊಂದು ಹೆಸರು ಸಿಕ್ಕಿತು: ಅಸ್ಮಿತೆಯ ಬಿಕ್ಕಟ್ಟು, ಅಂದರೆ ನಾನು ಯಾರು, ಏನಾಗಬೇಕು ಎಂಬ ಹದಿಹರೆಯದ ತೊಳಲಾಟ. ಆ ಹೆಸರಿಟ್ಟವರು ಎರಿಕ್ ಎರಿಕ್‌ಸನ್. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅವರ ಕಥೆ ಹೇಳಬೇಕೆನಿಸಿತು.

ಎರಿಕ್ ಹುಟ್ಟಿದ್ದು 1902ರ ಜೂನ್ 15ರಂದು, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ. ತಾಯಿ ಕಾರ್ಲಾ ಡೆನ್ಮಾರ್ಕಿನ ಯಹೂದಿ ಮನೆತನದವರು. ಹೆತ್ತ ತಂದೆ ಯಾರೆಂಬುದು ಎರಿಕ್‌ಗೆ ಕೊನೆಯವರೆಗೂ ತಿಳಿಯಲಿಲ್ಲ. ಮಗುವಿಗೆ ಮೂರು ವರ್ಷವಾದಾಗ ತಾಯಿ ಮಕ್ಕಳ ವೈದ್ಯರಾದ ಥಿಯೋಡರ್ ಹೋಂಬರ್ಗರ್ ಅವರನ್ನು ಮದುವೆಯಾದರು. ಅವರೇ ನಿನ್ನ ತಂದೆ ಎಂದು ನಂಬಿಸಿ ಬೆಳೆಸಿದರು. ಹುಡುಗನಿಗೆ ನೀಲಿ ಕಣ್ಣು, ಹೊಂಬಣ್ಣದ ಕೂದಲು, ಎತ್ತರದ ಮೈಕಟ್ಟು. ಯಹೂದಿ ಮಂದಿರದಲ್ಲಿ ಇವನು ನಮ್ಮವನಲ್ಲ ಎಂದು ಗೇಲಿ ಮಾಡಿದರೆ, ಶಾಲೆಯಲ್ಲಿ ಯಹೂದಿಯೆಂದು ಹಂಗಿಸುತ್ತಿದ್ದರು. ಎರಡೂ ಕಡೆ ಹೊರಗಿನವನೇ.

ಮಲತಂದೆಗೆ ಮಗ ವೈದ್ಯನಾಗಲಿ ಎಂಬ ಆಸೆ. ಹುಡುಗನಿಗೆ ಚಿತ್ರಕಲೆಯ ಹುಚ್ಚು. ಹೈಸ್ಕೂಲು ಮುಗಿಸಿ ಯೂರೋಪಿನಲ್ಲಿ ಚಿತ್ರ ಬರೆಯುತ್ತ ಅಲೆದರು. ನಮ್ಮ ಕಡೆಯಾಗಿದ್ದರೆ ಉಂಡಾಡಿ ಎನ್ನುತ್ತಿದ್ದೆವು. 1927ರಲ್ಲಿ ಬಾಲ್ಯದ ಗೆಳೆಯ ಪೀಟರ್ ಬ್ಲೋಸ್ ವಿಯೆನ್ನಾದ ಒಂದು ಚಿಕ್ಕ ಶಾಲೆಗೆ ಮೇಷ್ಟ್ರಾಗಿ ಕರೆಸಿಕೊಂಡರು. ಅಲೆಮಾರಿಗೆ ದಾರಿ ಸಿಕ್ಕಿದ್ದು ಮಕ್ಕಳ ನಡುವೆ. ಸಿಗ್ಮಂಡ್ ಫ್ರಾಯ್ಡರ ಮಗಳು ಅನ್ನಾ ಫ್ರಾಯ್ಡ್ ಅವರಿಗೆ ಮಕ್ಕಳ ಮನೋವಿಶ್ಲೇಷಣೆ ಕಲಿಸಿದರು. ಅಲ್ಲಿಯೇ ಜೋನ್ ಎಂಬವರನ್ನು ಮದುವೆಯಾದರು. ನಾಜಿಗಳ ಆರ್ಭಟ ಹೆಚ್ಚಾದಾಗ, 1933ರಲ್ಲಿ, ಕುಟುಂಬ ಅಮೆರಿಕ ಸೇರಿತು.

1939ರಲ್ಲಿ ಅಲ್ಲಿನ ಪೌರತ್ವ ಪಡೆದಾಗ ಎರಿಕ್ ತಮ್ಮ ಹೆಸರಿಗೆ ಎರಿಕ್‌ಸನ್ ಎಂದು ಸೇರಿಸಿಕೊಂಡರು. ಎರಿಕ್‌ಸನ್ ಎಂದರೆ ಎರಿಕನ ಮಗ. ತಂದೆಯ ಹೆಸರು ಗೊತ್ತಿಲ್ಲದವರು ತಮಗೆ ತಾವೇ ತಂದೆಯಾದರು.

1950ರಲ್ಲಿ ಬಂದ ಅವರ ಪುಸ್ತಕ 'ಚೈಲ್ಡ್‌ಹುಡ್ ಅಂಡ್ ಸೊಸೈಟಿ' ಮನುಷ್ಯನ ಬದುಕನ್ನು ಎಂಟು ಹಂತಗಳಾಗಿ ನೋಡಿತು. ಹಸುಗೂಸಿನ ಹಂತದಲ್ಲಿ ನಂಬಿಕೆ ಮೂಡಬೇಕು, ಮುಪ್ಪಿನಲ್ಲಿ ಬಾಳಿದ್ದು ಸಾರ್ಥಕ ಎಂಬ ಸಮಾಧಾನ ಸಿಗಬೇಕು. ನಡುವಿನ ಐದನೆಯ ಹಂತ ಹದಿಹರೆಯ. ಆ ವಯಸ್ಸಿನ ಮಕ್ಕಳು ಒಂದು ದಿನ ಕ್ರಿಕೆಟ್, ಮರುದಿನ ಸಿನಿಮಾ, ಇನ್ನೊಂದು ದಿನ ದೊಡ್ಡವರೊಡನೆ ಜಗಳ ಎನ್ನುವುದು ಕೆಟ್ಟುಹೋಗುವ ಲಕ್ಷಣವಲ್ಲ. ಅಂಗಿ ಕೊಳ್ಳುವ ಮುನ್ನ ತೊಟ್ಟು ನೋಡಿದ ಹಾಗೆ. ಹೀಗೆ ತೊಟ್ಟು ನೋಡಲು ಸಮಾಜ ಮಕ್ಕಳಿಗೆ ಒಂದಿಷ್ಟು ಬಿಡುವು ಕೊಡಬೇಕು ಎಂಬುದು ಅವರ ವಾದ. ಆ ಬಿಡುವಿನ ಬೆಲೆ ಅವರಿಗೆ ತಮ್ಮ ಅಲೆದಾಟದಿಂದಲೇ ಗೊತ್ತಿತ್ತು. ಕಾಲೇಜು ಪದವಿಯೇ ಇಲ್ಲದ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ನಮ್ಮ ದೇಶಕ್ಕೂ ಅವರಿಗೂ ನಂಟಿದೆ. 1962ರಲ್ಲಿ ಅಹಮದಾಬಾದಿಗೆ ಬಂದಿದ್ದರು. 1918ರಲ್ಲಿ ಅಲ್ಲಿನ ಗಿರಣಿ ಕಾರ್ಮಿಕರ ಪರವಾಗಿ ಗಾಂಧೀಜಿ ಕೈಗೊಂಡ ಉಪವಾಸ ಅವರ ಮನಸ್ಸನ್ನು ಹಿಡಿಯಿತು. ಅದರ ಬಗ್ಗೆ ಬರೆದ 'ಗಾಂಧೀಸ್ ಟ್ರುತ್' 1969ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು.

ಅವರ ಬದುಕಿನಲ್ಲಿ ಕಪ್ಪು ಚುಕ್ಕೆಯೂ ಇದೆ. 1944ರಲ್ಲಿ ಹುಟ್ಟಿದ ಮಗ ನೀಲ್‌ಗೆ ಡೌನ್ ಸಿಂಡ್ರೋಮ್ ಇತ್ತು. ಮಗುವನ್ನು ಆರೈಕೆಯ ಸಂಸ್ಥೆಗೆ ಸೇರಿಸಿ, ಉಳಿದ ಮಕ್ಕಳಿಗೆ ತಮ್ಮ ತೀರಿಕೊಂಡನೆಂದು ಹೇಳಿದರು. ಸುಳ್ಳಿನಲ್ಲಿ ಬೆಳೆದು ನೊಂದವರೇ ಮಕ್ಕಳಿಗೆ ಸುಳ್ಳು ಹೇಳಿದರು. ಇದನ್ನು ಓದಿದಾಗ ನನಗೆ ಸಂಕಟವಾಯಿತು. ತಿಳಿದವರೂ ತಮ್ಮ ಮನೆಯಲ್ಲಿ ಎಡವುತ್ತಾರೆ. ಹಾಗೆ ನೋಡಿದರೆ ಅಂದು ಜಗಲಿಯ ಮೇಲಿದ್ದ ಅಪ್ಪ, ಮಾವನ ಮೇಲೆ ಈಗ ನನಗೆ ಸಿಟ್ಟಿಲ್ಲ. ಅವರಿಗೆ ಗೊತ್ತಿದ್ದುದು ಎರಡೇ ದಾರಿ, ಅದರಲ್ಲಿ ಒಳ್ಳೆಯದನ್ನು ತೋರಿಸಿದರು.

1994ರ ಮೇ 12ರಂದು ಎರಿಕ್‌ಸನ್ ತೀರಿಕೊಂಡರು.

ಈ ವರ್ಷ ನನ್ನ ಅಕ್ಕನ ಮಗಳು ನಮ್ಮ ಶಾಲೆಯಲ್ಲೇ ಹತ್ತನೇ ತರಗತಿ ಓದುತ್ತಿದ್ದಾಳೆ. ಫಲಿತಾಂಶದ ದಿನ ಅವಳನ್ನು ಏನನ್ನೂ ಕೇಳಬಾರದೆಂದು ಅಕ್ಕ ಭಾವನಿಗೆ ಈಗಲೇ ಹೇಳಿದ್ದೇನೆ. ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಕೋರಿಕೆ: ನರ್ಸ್, ರೈತ, ಡ್ರೈವರ್, ಮೇಷ್ಟ್ರು, ಇಂಜಿನಿಯರ್ ಯಾರೇ ಆಗಿರಲಿ, ವರ್ಷಕ್ಕೊಂದು ಶನಿವಾರ ಶಾಲೆಗೆ ಬಂದು ನಮ್ಮ ಕೆಲಸದ ಬಗ್ಗೆ ಮಕ್ಕಳೊಡನೆ ಮಾತಾಡೋಣ. ಗುರುಗಳು ಅವಕಾಶ ಕೊಟ್ಟರೆ ಮೊದಲ ಶನಿವಾರ ನಾನೇ ಬರುತ್ತೇನೆ.