ಕುದ್ಮುಲ್ ರಂಗರಾಯರು

ಕುದ್ಮುಲ್ ರಂಗರಾಯರು 1859ರಲ್ಲಿ ಕಾಸರಗೋಡಿನ ಸಾರಸ್ವತ ಕುಟುಂಬದಲ್ಲಿ ಜನಿಸಿ, ಮಂಗಳೂರಿನಲ್ಲಿ ವಕೀಲಿಯನ್ನು ಕೈಕೊಂಡರು. ಅಂದು ಅಸ್ಪೃಶ್ಯರೆನಿಸಿಕೊಂಡವರಿಗೆ ಜಾಡಮಾಲಿತನ, ಅಲ್ಪಕೂಲಿಯ ದುಡಿಮೆಗಳಲ್ಲದೆ ಅನ್ಯ ಕಾಯಕವು ಒದಗುವುದು ದುರ್ಲಭವಾಗಿದ್ದಿತು. 1892ರಲ್ಲಿ ರಾಯರು ಉರ್ವದ ಚಿಲಿಂಬಿಯಲ್ಲಿ ಅವರ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಸ್ವಜನರು ಬಹಿಷ್ಕರಿಸಿದರು. ಮೇಲ್ಜಾತಿಯ ಉಪಾಧ್ಯಾಯರು ಅಲ್ಲಿ ಕಾಲಿಡಲು ಹಿಂಜರಿಯಲು, ಕ್ರೈಸ್ತ ಉಪಾಧ್ಯಾಯರನ್ನು ಕರೆತಂದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿತವಾಯಿತು.

ಕೂಲಿಯವನ ಮಗ ಶಾಲೆಗೆ ಬಂದರೆ ಆ ಮನೆಗೆ ಒಂದು ದಿನದ ಗಳಿಕೆ ಖೋತಾ. ಬರಿಯ ಅಕ್ಷರದಿಂದ ಹಸಿವು ಹಿಂಗದು. ಇದನ್ನರಿತೇ ರಾಯರು ಓದಿನೊಡನೆ ಮಧ್ಯಾಹ್ನದ ಊಟವನ್ನೂ ನೇಯ್ಗೆ, ಬಡಗಿತನಗಳ ಶಿಕ್ಷಣವನ್ನೂ ಕೂಡಿಸಿದರು. ಅನ್ನವಿಕ್ಕಿ ಕೈತೊಳೆದುಕೊಳ್ಳುವ ದಾನಿಗಳು ಎಲ್ಲ ಕಾಲದಲ್ಲಿಯೂ ಉಂಟು. ರಾಯರ ಹಿರಿಮೆ ಬೇರೆ: ಆ ಜನರ ಮುಂದಾಳುಗಳು ಆ ಜನರೊಳಗಿಂದಲೇ ಏಳಬೇಕೆಂದು ಅವರು ಬಗೆದರು. ಅವರಿಗೆ ಸ್ಥಳೀಯ ಆಡಳಿತ ಸಂಸ್ಥೆಗಳಲ್ಲಿ ಸ್ಥಾನ ದೊರೆಯುವಂತೆ ಶ್ರಮಿಸಿದರು. ತಮ್ಮ ಶಾಲೆಯಲ್ಲಿ ಕಲಿತವನು ಸರಕಾರದ ಅಧಿಕಾರಿಯಾಗಿ ಕಾರಿನಲ್ಲಿ ಸಾಗುವಾಗ, ಅದರ ಗಾಲಿಯ ಧೂಳು ತಮ್ಮ ಶಿರವನ್ನು ಸೋಕಬೇಕೆಂಬುದು ಅವರ ಹಂಬಲವಾಗಿದ್ದಿತು.

1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿದ ಅವರು 1928ರ ಜನವರಿ 30ರಂದು ದೇಹವಿಟ್ಟರು. ಅವರ ಇಚ್ಛೆಯಂತೆ, ಪಟ್ಟಣದ ತೋಟಿಗಳೇ ಆ ದೇಹಕ್ಕೆ ಹೆಗಲುಗೊಟ್ಟರು.