ಭಾವಕ ಪ್ರತಿಭೆಯ ಧೀಮಂತ: ಆಚಾರ್ಯ ತೀ. ನಂ. ಶ್ರೀಕಂಠಯ್ಯ

ಕಾವ್ಯವನ್ನು ರಚಿಸಲು ಪ್ರತಿಭೆ ಬೇಕೆಂಬುದು ಎಲ್ಲರೂ ಬಲ್ಲ ಸಂಗತಿ. ಆ ಕಾವ್ಯವನ್ನು ಓದಿ ಅದರ ಹೃದಯವನ್ನು ಮುಟ್ಟುವುದಕ್ಕೂ ಪ್ರತಿಭೆಯೇ ಬೇಕೆಂಬುದು ಅಷ್ಟು ಸುಲಭವಾಗಿ ಹೊಳೆಯುವ ವಿಷಯವಲ್ಲ. ಹತ್ತನೆಯ ಶತಮಾನದ ಆದಿಯಲ್ಲಿದ್ದ ರಾಜಶೇಖರನು ಇದನ್ನು ಗುರುತಿಸಿ, ಕವಿಗೆ ಉಪಕರಿಸುವ ಶಕ್ತಿಯನ್ನು ಕಾರಯಿತ್ರೀ ಪ್ರತಿಭೆಯೆಂದೂ ಓದುಗನಿಗೆ ಉಪಕರಿಸುವ ಶಕ್ತಿಯನ್ನು ಭಾವಯಿತ್ರೀ ಪ್ರತಿಭೆಯೆಂದೂ ಬೇರೆಬೇರೆಯಾಗಿ ಹೆಸರಿಸಿದನು. ಈ ಎರಡನೆಯ ಪ್ರತಿಭೆಯನ್ನೇ ಬಾಳಿನ ಸಾಧನೆಯನ್ನಾಗಿ ಮಾಡಿಕೊಂಡು, ವಿಮರ್ಶಕನ ಪದವಿಗೆ ಕನ್ನಡದಲ್ಲಿ ಒಂದು ಘನತೆಯನ್ನು ತಂದವರು ತೀರ್ಥಪುರದ ನಂಜುಂಡಯ್ಯ ಶ್ರೀಕಂಠಯ್ಯನವರು. ಕನ್ನಡ ನಾಡು ಅವರನ್ನು ಅಕ್ಕರೆಯಿಂದ ತೀನಂಶ್ರೀ ಎಂದು ಕರೆಯಿತು.

ಶ್ರೀಕಂಠಯ್ಯನವರು ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿಗೆ ಸೇರಿದ ತೀರ್ಥಪುರದಲ್ಲಿ ೧೯೦೬ನೆಯ ಇಸವಿ ನವೆಂಬರ್ ೨೬ರಂದು ಜನಿಸಿದರು. ಗ್ರಾಮದ ವಿದ್ಯಾಭ್ಯಾಸವನ್ನು ಮುಗಿಸಿಕೊಂಡು ಉನ್ನತ ಶಿಕ್ಷಣಕ್ಕಾಗಿ ಮೈಸೂರಿನ ಮಹಾರಾಜಾ ಕಾಲೇಜನ್ನು ಸೇರಿದರು. ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾಗಿ ಆಗಿನ್ನೂ ಹತ್ತು ವರ್ಷ ತುಂಬಿರಲಿಲ್ಲ. ಇಂಗ್ಲಿಷ್ ಪೀಠದಲ್ಲಿ ಬಿ. ಎಂ. ಶ್ರೀಕಂಠಯ್ಯನವರು, ಸಂಸ್ಕೃತ ಪೀಠದಲ್ಲಿ ಎಂ. ಹಿರಿಯಣ್ಣನವರು. ಒಬ್ಬರು ಗ್ರೀಕ್ ರುದ್ರನಾಟಕಗಳ ಗಾಂಭೀರ್ಯವನ್ನು ಕನ್ನಡಕ್ಕೆ ತರಲು ಹಂಬಲಿಸಿದವರು. ಇನ್ನೊಬ್ಬರು ರಸಸಿದ್ಧಾಂತದ ತಾತ್ತ್ವಿಕ ನೆಲೆಯನ್ನು ಇಂಗ್ಲಿಷಿನಲ್ಲಿ ಜಗತ್ತಿಗೆ ವಿವರಿಸಿದವರು. ಅಂಥ ಆವರಣದಲ್ಲಿ ಬೆಳೆದ ಶ್ರೀಕಂಠಯ್ಯನವರು ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲಿಯೂ ಎಂ.ಎ. ಪದವಿಯನ್ನು ಪಡೆದರು. ಈ ಎರಡು ಪದವಿಗಳು ಅವರ ಮುಂದಿನ ಬಾಳಿನಲ್ಲಿ ಎರಡು ಕಣ್ಣುಗಳಾದವು.

ಆ ಕಾಲದ ಕನ್ನಡ ಸಾಹಿತ್ಯಲೋಕದಲ್ಲಿ ವಿಮರ್ಶೆಯೆಂಬುದು ಕವಲುದಾರಿಯಲ್ಲಿ ನಿಂತಿತ್ತು. ಹಳೆಯ ಪಂಡಿತ ಪರಂಪರೆಯಲ್ಲಿ ಪದ್ಯವನ್ನು ಬಿಡಿಸಿ ಅನ್ವಯಿಸಿ, ಇದು ಉತ್ಪ್ರೇಕ್ಷೆ, ಇದು ಅರ್ಥಾಂತರನ್ಯಾಸ ಎಂದು ಲಕ್ಷಣವನ್ನು ಹೊಂದಿಸಿದರೆ ಕಾರ್ಯ ಮುಗಿಯುತ್ತಿತ್ತು. ಕಾವ್ಯವು ಒಟ್ಟಂದದಲ್ಲಿ ಏನನ್ನು ಸಾಧಿಸಿತೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಂಗ್ಲಿಷ್ ಓದಿದ ಹೊಸಬರು ಆ ಪ್ರಶ್ನೆಯನ್ನು ಎತ್ತಿದರು. ಬಿ.ಎಂ.ಶ್ರೀಯವರು ನಾಗಚಂದ್ರನ ರಾವಣನಲ್ಲಿ ದುರಂತ ನಾಯಕನನ್ನು ಕಂಡರು. ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಎಂಬ ಕೃತಿಯನ್ನು ೧೯೨೬ರಲ್ಲಿ ಹೊರತಂದು ದುರ್ಯೋಧನನ ಔನ್ನತ್ಯವನ್ನು ಎತ್ತಿ ತೋರಿಸಿದರು. ಶತಮಾನಗಳಿಂದ ಓದುತ್ತ ಬಂದಿದ್ದ ಕಾವ್ಯಗಳು ಹೊಸದಾಗಿ ಕಣ್ದೆರೆದಂತಾಯಿತು. ಇದು ಅಲ್ಪವಾದ ಉಪಕಾರವಲ್ಲ. ಆದರೆ ಆಚಾರ್ಯರಿಗೆ ಇದ್ದ ಸಂಯಮ ಅನುಯಾಯಿಗಳೆಲ್ಲರಿಗೂ ಇರಲಿಲ್ಲ. ಅರಿಸ್ಟಾಟಲನ ಅಳತೆಗೋಲಿಗೆ ಸರಿಹೊಂದಿದ್ದೇ ಶ್ರೇಷ್ಠ, ಹೊಂದದೆ ಉಳಿದದ್ದು ಹಳಸಲು ಎಂಬ ಮನೋಭಾವ ಹಬ್ಬತೊಡಗಿತು. ಎರಡು ಸಾವಿರ ವರ್ಷಗಳ ಕಾವ್ಯಚಿಂತನೆಯಿದ್ದ ನಾಡು ತನ್ನ ಕಾವ್ಯವನ್ನು ಅಳೆಯಲು ಎರವಲು ಕೋಲನ್ನೇ ನಂಬಬೇಕಾದ ಪ್ರಸಂಗ ಒದಗಿತ್ತು. ಇತ್ತ ಪಂಡಿತರು ತಮ್ಮಲ್ಲಿದ್ದ ಕೋಲನ್ನು ಪೂಜಿಸುತ್ತಿದ್ದರೇ ಹೊರತು ಅದರಿಂದ ಅಳೆಯುವುದನ್ನು ಮರೆತಿದ್ದರು.

ಶ್ರೀಕಂಠಯ್ಯನವರು ಮೊದಲು ಸಾಹಿತ್ಯಕ್ಕೆ ಬಂದದ್ದು ಕವಿಯಾಗಿ. ‘ಒಲುಮೆ’ ಎಂಬ ಅವರ ಪ್ರೇಮಗೀತೆಗಳ ಸಂಕಲನ ನವೋದಯದ ಹೊಸ ಬೆಳಕಿನಲ್ಲಿ ಅರಳಿದ ಹೂವು. ‘ನಂಟರು’ ಎಂಬ ಲಘುಪ್ರಬಂಧಗಳಲ್ಲಿ ನಸುನಗೆಯ ಲೇಖಕನೊಬ್ಬ ಕಾಣುತ್ತಾನೆ. ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನು ‘ರಾಕ್ಷಸನ ಮುದ್ರಿಕೆ’ಯಾಗಿ ಕನ್ನಡಕ್ಕೆ ತಂದರು. ಸೃಷ್ಟಿಯ ಸುಖವನ್ನೂ ಶ್ರಮವನ್ನೂ ಸ್ವತಃ ಬಲ್ಲವರು ಮುಂದೆ ತಮ್ಮ ಬಹುಪಾಲು ಶಕ್ತಿಯನ್ನು ಇತರರ ಕಾವ್ಯಗಳನ್ನು ಅರಿಯುವುದಕ್ಕೂ ಅರಿವು ಮಾಡಿಕೊಡುವುದಕ್ಕೂ ವಿನಿಯೋಗಿಸಿದರು. ಸ್ವತಂತ್ರ ಕವಿತೆಗಳ ಸಂಕಲನವಾಗಿ ‘ಒಲುಮೆ’ಯೊಂದೇ ನಿಂತಿತು. ಇದನ್ನು ನಷ್ಟವೆನ್ನುವವರಿದ್ದಾರೆ. ನಷ್ಟವಿರಬಹುದು, ಆದರೆ ಕಾವ್ಯವನ್ನು ಕಟ್ಟಲು ಕೈಹಾಕಿ ನೋಡದವನು ಬರೆದ ವಿಮರ್ಶೆಯಲ್ಲಿ ಸಾಮಾನ್ಯವಾಗಿ ಕಾಣುವ ಒಣ ಅಧಿಕಾರದ ಧ್ವನಿ ಇವರ ಬರೆಹದಲ್ಲಿ ಎಲ್ಲಿಯೂ ಕೇಳಿಸದಿರುವುದಕ್ಕೆ ಆ ಕವಿಹೃದಯವೇ ಕಾರಣ. ‘ಕಾವ್ಯಸಮೀಕ್ಷೆ’, ‘ಸಮಾಲೋಕನ’ ಸಂಕಲನಗಳ ಲೇಖನಗಳನ್ನೂ ಪಂಪನನ್ನು ಕುರಿತ ಬರೆಹವನ್ನೂ ಓದಿದವರಿಗೆ ಇದು ವಿದಿತವಾಗುತ್ತದೆ.

ಅವರ ಜೀವಿತದ ಮಹಾಕಾರ್ಯವೆಂದರೆ ೧೯೫೩ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಪ್ರಕಟಿಸಿದ ‘ಭಾರತೀಯ ಕಾವ್ಯಮೀಮಾಂಸೆ’. ಭರತ, ಭಾಮಹ, ದಂಡಿ, ವಾಮನ, ಆನಂದವರ್ಧನ, ಅಭಿನವಗುಪ್ತ, ಕುಂತಕ, ಕ್ಷೇಮೇಂದ್ರ ಮೊದಲಾದವರ ವಿಚಾರಗಳು ಅದುವರೆಗೆ ಸಂಸ್ಕೃತ ಬಲ್ಲವರ ಸೊತ್ತಾಗಿದ್ದವು. ಅವರಲ್ಲಿಯೂ ಹಲವರು ‘ಕಾವ್ಯಪ್ರಕಾಶ’ದ ಲಕ್ಷಣಗಳನ್ನು ಕಂಠಪಾಠ ಮಾಡಿ ಅಲ್ಲಿಗೇ ತೃಪ್ತರಾದವರು. ಶ್ರೀಕಂಠಯ್ಯನವರು ಮೂಲಗಳನ್ನು ಶೋಧಿಸಿ, ಯಾವ ಆಚಾರ್ಯನು ಯಾವ ಪ್ರಶ್ನೆಗೆ ಉತ್ತರ ಹುಡುಕಲು ಹೊರಟನು, ಅವನ ಉತ್ತರದಲ್ಲಿ ಏನು ಕೊರತೆಯುಳಿಯಿತು, ಮುಂದಿನವನು ಅದನ್ನು ಹೇಗೆ ತುಂಬಿದನು ಎಂಬ ಕ್ರಮದಲ್ಲಿ ಇಡೀ ಶಾಸ್ತ್ರವನ್ನು ಒಂದು ಜೀವಂತ ಸಂವಾದದಂತೆ ನಿರೂಪಿಸಿದರು. ಅಲಂಕಾರವೇ ಕಾವ್ಯದ ಚೆಲುವೆಂದವರಿಂದ ಮೊದಲುಗೊಂಡು, ರೀತಿಯೇ ಆತ್ಮವೆಂದ ವಾಮನನನ್ನು ದಾಟಿ, ಹೇಳದೆಯೇ ಹೊಳೆಯಿಸುವ ಧ್ವನಿಯನ್ನು ಆನಂದವರ್ಧನನು ಕಂಡ ಬಗೆಯನ್ನು ಓದುವಾಗ ಶಾಸ್ತ್ರಗ್ರಂಥವೆಂಬುದೇ ಮರೆತುಹೋಗುತ್ತದೆ. ‘ಕವಿರಾಜಮಾರ್ಗ’, ನಾಗವರ್ಮನ ‘ಕಾವ್ಯಾವಲೋಕನ’ ಮೊದಲಾದ ಕನ್ನಡದ ಲಕ್ಷಣಗ್ರಂಥಗಳಿಗೂ ಈ ದೀರ್ಘ ಪರಂಪರೆಯಲ್ಲಿ ಸ್ಥಾನವಿದೆಯೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯ. ಕಾಶ್ಮೀರದಲ್ಲಿ ಆನಂದವರ್ಧನನು ಧ್ವನಿತತ್ತ್ವವನ್ನು ಪ್ರತಿಪಾದಿಸಿದ ಶತಮಾನದಲ್ಲಿಯೇ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಧ್ವನಿಯನ್ನು ಒಂದು ಅಲಂಕಾರವಾಗಿಯಾದರೂ ಹೆಸರಿಸುತ್ತದೆ.

ಈ ಮೀಮಾಂಸೆಯಲ್ಲಿ ವಿಮರ್ಶಕನ ಸ್ಥಾನವೆಲ್ಲಿ? ಭಾರತೀಯ ಆಲಂಕಾರಿಕರಿಗೆ ವಿಮರ್ಶಕನು ನ್ಯಾಯಾಸನದ ಮೇಲೆ ಕುಳಿತ ಅಧಿಕಾರಿಯಲ್ಲ. ಅವನು ಸಹೃದಯ, ಕವಿಯ ಹೃದಯಕ್ಕೆ ಸಮಾನವಾದ ಹೃದಯವುಳ್ಳವನು. ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದಲ್ಲಿ ಚಂದ್ರಮತಿಯು ಮಗನ ಶವವನ್ನು ಮುಂದಿಟ್ಟುಕೊಂಡು ಗೋಳಿಡುವ ಪ್ರಸಂಗವನ್ನು ನೆನೆಯಬಹುದು. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಅದನ್ನು ಕೇಳಿ ತನ್ನ ಮಗುವನ್ನೇ ನೆನೆದು ಅಳಬಹುದು. ಅದು ಶೋಕವೇ ಹೊರತು ಕರುಣರಸವಲ್ಲ. ಇನ್ನೊಬ್ಬನು ಕಲ್ಲಿನಂತೆ ಕುಳಿತು ಛಂದಸ್ಸನ್ನು ಎಣಿಸಬಹುದು. ಅವನಿಗೂ ರಸ ದಕ್ಕುವುದಿಲ್ಲ. ಆ ಅಳಲು ನನ್ನದೂ ಅಲ್ಲ, ಪರರದೂ ಅಲ್ಲ, ಮಾನವಮಾತ್ರದ್ದು ಎಂಬ ಸಾಧಾರಣೀಕೃತ ಸ್ಥಿತಿಯಲ್ಲಿ ನಿಂತು ಅನುಭವಿಸುವವನೇ ಸಹೃದಯ. ಸ್ವಂತ ಸುಖದುಃಖಗಳಿಗೆ ವಶವಾಗಿರುವುದನ್ನು ಅಭಿನವಗುಪ್ತನು ರಸದ ವಿಘ್ನಗಳಲ್ಲಿ ಒಂದೆಂದು ಎಣಿಸಿದ್ದಾನೆ. ಹಾಗೆ ಎಣಿಸುವಾಗ ಅವನ ಕಣ್ಣಮುಂದೆ ರಂಗಶಾಲೆಯ ಪ್ರೇಕ್ಷಕನಿದ್ದನು. ಆದರೆ ಲೇಖನಿ ಹಿಡಿದ ವಿಮರ್ಶಕನಿಗೆ ಆ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಕವಿಯ ಮೇಲಣ ಒಲವು, ಹಗೆ, ಪಂಥ, ಪಕ್ಷ ಇವೆಲ್ಲವೂ ಆ ವಿಘ್ನದ ರೂಪಾಂತರಗಳೇ.

ರಾಜಶೇಖರನು ಭಾವಕರಲ್ಲಿ ನಾಲ್ಕು ಬಗೆಯನ್ನು ಹೇಳುತ್ತಾನೆ. ಯಾವುದೂ ರುಚಿಸದವನು ಒಬ್ಬ. ಹುಲ್ಲು ಕಾಳು ಎನ್ನದೆ ಎಲ್ಲವನ್ನೂ ಮೇಯುವವನು ಒಬ್ಬ. ಪರರ ಗುಣವನ್ನು ಸಹಿಸದ ಮತ್ಸರಿ ಮೂರನೆಯವನು. ಇವರು ಮೂವರೂ ಎಲ್ಲ ಕಾಲದಲ್ಲಿಯೂ ಧಾರಾಳವಾಗಿ ದೊರೆಯುತ್ತಾರೆ, ಇಂದಿನ ಪತ್ರಿಕೆಗಳಲ್ಲಿಯೂ ಅವರಿಗೆ ಬರವಿಲ್ಲ. ನಾಲ್ಕನೆಯವನಾದ ತತ್ತ್ವಾಭಿನಿವೇಶಿ ಮಾತ್ರ ಸಾವಿರಕ್ಕೊಬ್ಬ. ಶಬ್ದದ ಹೆಣಿಗೆಯನ್ನು ಬಿಡಿಸಿ ನೋಡಿ, ಉಕ್ತಿಯಲ್ಲಿ ಆನಂದಿಸಿ, ಅಡಗಿದ ಭಾವವನ್ನು ಹುಡುಕಿ ತೆಗೆಯುವವನು ಅವನು. ಶ್ರೀಕಂಠಯ್ಯನವರ ವಿಮರ್ಶಾಲೇಖನಗಳಲ್ಲಿ ತೀರ್ಪಿಗಿಂತ ವಿವೇಚನೆ ಹೆಚ್ಚು, ವಿವೇಚನೆಗಿಂತ ಆಸ್ವಾದನೆ ಮೊದಲು. ದೋಷವನ್ನು ಮುಚ್ಚಿದವರಲ್ಲ, ಆದರೆ ದೋಷವನ್ನು ಹೇಳುವುದಕ್ಕಾಗಿ ಕಾವ್ಯವನ್ನು ಓದಿದವರೂ ಅಲ್ಲ.

ಮಾತಿನ ವಿಷಯದಲ್ಲಿ ಅವರ ಎಚ್ಚರ ಅಸಾಧಾರಣವಾದುದು. ‘ಕನ್ನಡ ಮಧ್ಯಮ ವ್ಯಾಕರಣ’ವನ್ನು ಓದಿ ಬೆಳೆದ ಹಲವು ತಲೆಮಾರಿನ ವಿದ್ಯಾರ್ಥಿಗಳಿಗೆ, ಅದನ್ನು ಬರೆದವರೇ ರಸ–ಧ್ವನಿಗಳ ವ್ಯಾಖ್ಯಾನಕಾರರೆಂದು ತಿಳಿದಾಗ ಆಶ್ಚರ್ಯವಾಗುವುದುಂಟು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಪ್ರತ್ಯಯವೊಂದರ ಬಲವನ್ನರಿಯದವನಿಗೆ ಪದ್ಯವೊಂದರ ಧ್ವನಿ ಹೊಳೆಯುವುದೆಂತು? ಆಧುನಿಕ ಭಾಷಾವಿಜ್ಞಾನದಲ್ಲಿಯೂ ಅವರು ಪರಿಶ್ರಮವುಳ್ಳವರಾಗಿದ್ದರು. ಸ್ವತಂತ್ರ ಭಾರತದ ಸಂವಿಧಾನಕ್ಕೆ ದೇಶಭಾಷೆಗಳಲ್ಲಿ ಸಮಾನ ಪರಿಭಾಷೆಗಳನ್ನು ಗೊತ್ತುಮಾಡಲು ಸೇರಿದ ತಜ್ಞರಲ್ಲಿ ಅವರೂ ಒಬ್ಬರು. ರಾಷ್ಟ್ರಪತಿ ಎಂಬ ಪದವನ್ನು ಅಲ್ಲಿ ಸೂಚಿಸಿದವರು ಅವರೇ ಎಂಬುದು ಕನ್ನಡ ವಿದ್ವದ್ವಲಯದಲ್ಲಿ ಪ್ರಸಿದ್ಧವಾದ ಮಾತು.

ಮೈಸೂರಿನ ವಿದ್ವತ್ಪರಂಪರೆಯಲ್ಲಿ ಅವರ ಸಮವಯಸ್ಕರಾದ ಡಿ. ಎಲ್. ನರಸಿಂಹಾಚಾರ್ಯರು ಗ್ರಂಥಸಂಪಾದನೆಯಲ್ಲಿ ಪ್ರಮಾಣಪುರುಷರೆನಿಸಿದರು. ಇಬ್ಬರೂ ಹುಟ್ಟಿದ್ದು ೧೯೦೬ರಲ್ಲಿ. ಕವಿ ಬರೆದ ಪಾಠ ಯಾವುದೆಂದು ತಾಳೆಯೋಲೆಗಳ ನಡುವೆ ನಿಶ್ಚಯಿಸುವುದು ಒಂದು ಕಾಯಕ. ನಿಶ್ಚಿತವಾದ ಪಾಠವು ಓದುಗನಲ್ಲಿ ಯಾವ ಭಾವವನ್ನು ಎಬ್ಬಿಸುತ್ತದೆಂದು ತೋರುವುದು ಇನ್ನೊಂದು. ಶ್ರೀಕಂಠಯ್ಯನವರು ಮೊದಲನೆಯ ಕಾಯಕವನ್ನೂ ಕೈಬಿಟ್ಟವರಲ್ಲ. ರನ್ನನ ‘ಗದಾಯುದ್ಧ’ದ ಸಂಗ್ರಹವನ್ನೂ ಹರಿಹರನ ‘ನಂಬಿಯಣ್ಣನ ರಗಳೆ’ಯನ್ನೂ ಅವರು ಸಂಪಾದಿಸಿಕೊಟ್ಟರು. ಹರಿಹರನನ್ನು ಕೈಗೆತ್ತಿಕೊಂಡದ್ದು ವಿಶೇಷ ಗಮನಾರ್ಹ. ಸಂಸ್ಕೃತ ಲಕ್ಷಣಕಾರರ ಮಹಾಕಾವ್ಯ ಲಕ್ಷಣಕ್ಕೆ ರಗಳೆ ಒಳಪಡುವುದಿಲ್ಲ. ಬಹುಮಂದಿ ಆಲಂಕಾರಿಕರು ಭಕ್ತಿಯನ್ನು ರಸವೆಂದು ಒಪ್ಪದೆ ಭಾವವೆಂಬ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಿದರು. ಗೆಳೆಯನಾದ ನಂಬಿಗಾಗಿ ಸಾಕ್ಷಾತ್ ಪರಶಿವನೇ ನಡುರಾತ್ರಿಯಲ್ಲಿ ಪರವೆಯ ಮನೆಗೆ ರಾಯಭಾರಿಯಾಗಿ ಹೋಗುವ ಪ್ರಸಂಗವು ಶೃಂಗಾರವೋ ಹಾಸ್ಯವೋ ಭಕ್ತಿಯೋ ಎಂದು ಕೇಳಿದರೆ ಒಂಬತ್ತು ರಸಗಳ ಲೆಕ್ಕ ತಡವರಿಸುತ್ತದೆ. ಶಿವಶರಣರ ವಚನಗಳಂತೂ ಯಾವ ಲಕ್ಷಣಗ್ರಂಥದ ಪಂಕ್ತಿಗೂ ಸೇರದೆ ಹೊರಗೆ ನಿಂತವು. ಇಂಥಲ್ಲಿ ಲಕ್ಷ್ಯವು ಮುಂದು, ಲಕ್ಷಣವು ಹಿಂದು ಎಂಬ ವಿವೇಕವಿರುವ ವಿಮರ್ಶಕನೇ ಬೇಕು. ಶಾಸ್ತ್ರವನ್ನು ಪೂರ್ತಿಯಾಗಿ ಬಲ್ಲವನಿಗೆ ಮಾತ್ರ ಶಾಸ್ತ್ರವು ಎಲ್ಲಿ ನಿಲ್ಲುತ್ತದೆಂಬುದೂ ತಿಳಿದಿರುತ್ತದೆ.

‘ಭಾರತೀಯ ಕಾವ್ಯಮೀಮಾಂಸೆ’ ಪ್ರಕಟವಾದ ಮರುವರ್ಷವೇ, ೧೯೫೪ರಲ್ಲಿ, ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ ಹೊರಬಂದಿತು. ಅಡಿಗರೂ ಆಗ ಮೈಸೂರಿನಲ್ಲಿಯೇ ಅಧ್ಯಾಪಕರಾಗಿದ್ದರು. ನವ್ಯರ ಕಣ್ಣು ಎಲಿಯಟ್ಟನ ಕಡೆಗೂ ಅವನ ಅನಂತರದ ಇಂಗ್ಲಿಷ್ ವಿಮರ್ಶಕರ ಕಡೆಗೂ ಹೊರಳಿತು. ರಸ, ಧ್ವನಿ, ಔಚಿತ್ಯಗಳ ಮಾತು ಹಳೆಯ ನಾಣ್ಯವೆಂದು ತರುಣರಿಗೆ ತೋರಿತು. ಅವರ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಕಾದಂಬರಿಯ ಸಾಮಾಜಿಕ ವಿಸ್ತಾರವನ್ನಾಗಲಿ ಇಂದಿನ ಮನುಷ್ಯನ ಒಡೆದ ಮನಸ್ಸನ್ನಾಗಲಿ ವಿಭಾವ–ಅನುಭಾವಗಳ ಚೌಕಟ್ಟಿನಲ್ಲಿ ಕೂರಿಸುವುದು ಕಷ್ಟವೇ ಸರಿ. ಆದರೂ ಕಾವ್ಯದ ಭಾವಕ್ಕೆ ತಕ್ಕ ವಸ್ತುಪ್ರತಿರೂಪವನ್ನು ಕವಿ ಕಂಡುಕೊಳ್ಳಬೇಕೆಂಬ ಎಲಿಯಟ್ಟನ ವಿಚಾರವನ್ನು ಹೊಸ ದರ್ಶನವೆಂಬಂತೆ ತಂದವರು, ಅದಕ್ಕೆ ತೀರ ಸಮೀಪವಾದ ವಿಭಾವದ ಕಲ್ಪನೆಯನ್ನು ತಮ್ಮ ಊರಿನ ವಿಶ್ವವಿದ್ಯಾನಿಲಯದ ಗ್ರಂಥದಲ್ಲಿಯೇ ತಿಳಿಗನ್ನಡದಲ್ಲಿ ಓದಬಹುದಾಗಿತ್ತು. ಓದಿದವರು ಓದಿದರು. ಸಂಸ್ಕೃತದ ಗಂಧವಿಲ್ಲದ ಸಾಮಾನ್ಯ ರೈತನ ಮಗನೂ ಅಭಿನವಗುಪ್ತನೊಡನೆ ವಾದಿಸುವಂತಾದುದು ಆ ಗ್ರಂಥದಿಂದಲೇ. ಒಪ್ಪುವವನಿಗೂ ಒಪ್ಪದವನಿಗೂ ಅದು ಸಮಾನವಾಗಿ ಬಾಗಿಲು ತೆರೆಯಿತು.

ಶ್ರೀಕಂಠಯ್ಯನವರು ಮೈಸೂರಿನಲ್ಲಿಯಲ್ಲದೆ ಧಾರವಾಡದಲ್ಲಿಯೂ ಕೆಲಕಾಲ ಕನ್ನಡ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿದರು. ಸಂಸ್ಕೃತ ಪ್ರಾಕೃತಗಳ ಬಿಡಿಪದ್ಯಗಳನ್ನು ಆಯ್ದು ಕನ್ನಡಿಸಿದ ‘ಬಿಡಿಮುತ್ತು’ ಅವರ ರಸಿಕತೆಯ ಇನ್ನೊಂದು ಫಲ. ಎಂದೋ ಮೌನವಾಗಿದ್ದ ಕವಿ ಅಲ್ಲಿ ಪರರ ಪದ್ಯಗಳ ಮರೆಯಲ್ಲಿ ನಿಂತು ಮತ್ತೆ ಹಾಡಿದ್ದಾನೆ.

೧೯೬೬ನೆಯ ಇಸವಿ ಸೆಪ್ಟೆಂಬರಿನಲ್ಲಿ, ಅರುವತ್ತು ವರ್ಷ ತುಂಬಲು ಇನ್ನು ಕೆಲವು ವಾರಗಳಿರುವಾಗ, ಅವರು ಕಾಲವಶರಾದರು. ಅದೇ ವರ್ಷ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆಯು ಆರಂಭವಾಯಿತು. ಕಾವ್ಯಮೀಮಾಂಸೆಯ ತರಗತಿಗಳಲ್ಲಿ ಅಧ್ಯಾಪಕರ ಮೇಜಿನ ಮೇಲೂ ವಿದ್ಯಾರ್ಥಿಗಳ ಕೈಯಲ್ಲಿಯೂ ಅವರ ಗ್ರಂಥವಿತ್ತು.