ಸೆರೆಯಲ್ಲಿದ್ದ ಚಕ್ರವರ್ತಿ ಮತ್ತು ಸಿಹಿ ದ್ರಾಕ್ಷಾರಸ



ಕ್ರಿಸ್ಮಸ್ ಹಬ್ಬಕ್ಕೆ ಇನ್ನೂ ತಿಂಗಳೊಪ್ಪತ್ತು ಇರುವಾಗಲೇ ನಮ್ಮ ಅನೇಕ ಮನೆಗಳಲ್ಲಿ ಅಟ್ಟದ ಮೇಲಿನ ಭರಣಿ ಕೆಳಗಿಳಿಯುತ್ತದೆ. ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ನಾಲ್ಕು ಲವಂಗ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಮೂಲೆಯಲ್ಲಿಟ್ಟರೆ ಹಬ್ಬದ ಹೊತ್ತಿಗೆ ಮನೆಯ ವೈನ್ ಸಿದ್ಧ. ಸಕ್ಕರೆ ಕಡಿಮೆಯಾದರೆ ಅದು ಹುಳಿಯಾಗುತ್ತದೆಂದು ಮನೆಯ ಹಿರಿಯರಿಗೆ ಗೊತ್ತು. ಆದರೆ ಸಕ್ಕರೆಯ ಹರಳೊಂದೂ ಬೀಳದೆ ಜೇನಿನಂತೆ ಸಿಹಿಯಾಗುವ ದ್ರಾಕ್ಷಾರಸವೂ ಉಂಟು. ಅದನ್ನು ತನ್ನ ಬಾಳಿನ ಸಂಜೆಯಲ್ಲಿ ಸವಿದ ಒಬ್ಬನ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅವನು ನೆಪೋಲಿಯನ್ ಬೋನಪಾರ್ಟೆ.

ನೆಪೋಲಿಯನ್ ಹುಟ್ಟಿದ್ದು 1769ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನ, ಕಾರ್ಸಿಕಾ ದ್ವೀಪದ ಅಜಾಕ್ಸಿಯೋ ಪಟ್ಟಣದಲ್ಲಿ. ತಾಯಿ ಲೆಟಿಜಿಯಾ ದೃಢ ವಿಶ್ವಾಸದ ಹೆಂಗಸು. ಮಗ ಸೈನ್ಯ ಸೇರಿ ಮೂವತ್ತರ ವಯಸ್ಸಿಗೇ ಫ್ರಾನ್ಸಿನ ಅಧಿಕಾರ ಹಿಡಿದ. ಕ್ರಾಂತಿಯ ಕಾಲದಲ್ಲಿ ಅಲ್ಲಿ ದೇವಾಲಯಗಳು ಮುಚ್ಚಿದ್ದವು, ಗುರುಗಳು ಚದುರಿಹೋಗಿದ್ದರು. 1801ರಲ್ಲಿ ನೆಪೋಲಿಯನ್ ಜಗದ್ಗುರು ಏಳನೆಯ ಪಯಸ್‌ರೊಡನೆ ಒಪ್ಪಂದ ಮಾಡಿಕೊಂಡ. ಧರ್ಮಸಭೆ ಮತ್ತೆ ಉಸಿರಾಡಿತು. 1804ರ ಡಿಸೆಂಬರ್ 2ರಂದು ಪಟ್ಟಾಭಿಷೇಕಕ್ಕೆ ಜಗದ್ಗುರುಗಳನ್ನು ಪ್ಯಾರಿಸಿಗೆ ಕರೆಸಿಕೊಂಡವನು, ಕಿರೀಟವನ್ನು ತನ್ನ ಕೈಯಿಂದಲೇ ತಲೆಗಿಟ್ಟುಕೊಂಡ.

ಅಲ್ಲಿಗೇ ನಿಲ್ಲಲಿಲ್ಲ. 1809ರಲ್ಲಿ ಜಗದ್ಗುರುಗಳ ರಾಜ್ಯವನ್ನು ಕಬಳಿಸಿದ. ಅವನ ಸೈನಿಕರು ಆ ವೃದ್ಧರನ್ನು ರೋಮಿನಿಂದ ಹಿಡಿದೊಯ್ದರು. ಮೊದಲು ಸವೋನ, ಬಳಿಕ ಫಾಂಟೆನ್‌ಬ್ಲೋ. ಸುಮಾರು ಐದು ವರ್ಷ ಪೇತ್ರರ ಉತ್ತರಾಧಿಕಾರಿ ಸೆರೆಯಲ್ಲಿದ್ದರು. ಅವರು ರೋಮಿಗೆ ಮರಳಿದ್ದು 1814ರ ಮೇ ತಿಂಗಳಲ್ಲಿ.

ಚಕ್ರ ತಿರುಗಿತು. 1815ರ ಜೂನ್ 18ರಂದು ವಾಟರ್ಲೂನಲ್ಲಿ ನೆಪೋಲಿಯನ್ ಸೋತ. ಬ್ರಿಟಿಷರು ಅವನನ್ನು ಸೇಂಟ್ ಹೆಲೆನಾ ದ್ವೀಪಕ್ಕೆ ಸಾಗಿಸಿದರು. ಅದು ಅಟ್ಲಾಂಟಿಕ್ ಸಾಗರದ ನಡುವೆ, ಆಫ್ರಿಕಾದ ಕರಾವಳಿಯಿಂದ ಸುಮಾರು 1,900 ಕಿಲೋಮೀಟರ್ ದೂರದಲ್ಲಿದೆ. ಯೂರೋಪನ್ನು ನಡುಗಿಸಿದವನಿಗೆ ಉಳಿದದ್ದು ಲಾಂಗ್‌ವುಡ್ ಎಂಬ ತೇವ ಹಿಡಿದ ಮನೆ ಮತ್ತು ಕೆಲವೇ ಸಂಗಾತಿಗಳು. ದ್ವೀಪದಲ್ಲಿ ಒಬ್ಬ ಕಥೋಲಿಕ ಗುರುವೂ ಇರಲಿಲ್ಲ.

ಅರಮನೆಯ ದಿನಗಳಲ್ಲಿ ಅವನ ಮೆಚ್ಚಿನ ಪಾನೀಯ ಬರ್ಗಂಡಿ ಪ್ರಾಂತದ ಶಾಂಬೆರ್ತಾಂ, ಅದೂ ನೀರು ಬೆರೆಸಿ. ಸೆರೆಯಲ್ಲಿ ಇನ್ನೊಂದು ವೈನ್ ಅವನ ಮೇಜಿಗೆ ಬಂತು. ಅದು ಬ್ರಿಟಿಷರ ವಶದಲ್ಲಿದ್ದ ದಕ್ಷಿಣ ಆಫ್ರಿಕಾದ ಕೇಪ್‌ನಿಂದ ಹಡಗಿನಲ್ಲಿ ಬರುತ್ತಿದ್ದ ಕಾನ್‌ಸ್ಟಾನ್ಷಿಯಾ.

1685ರಲ್ಲಿ ಡಚ್ ಅಧಿಕಾರಿ ಸೈಮನ್ ವಾನ್ ಡರ್ ಸ್ಟೆಲ್ ಕೇಪ್ ಟೌನಿನ ಬಳಿ, ಸಮುದ್ರದ ಗಾಳಿ ಬೀಸುವ ಬೆಟ್ಟದ ತಪ್ಪಲಲ್ಲಿ ಭೂಮಿ ಪಡೆದು ಬಳ್ಳಿ ನೆಟ್ಟ. 1778ರಲ್ಲಿ ಆ ತೋಟವನ್ನು ಕೊಂಡ ಹೆಂಡ್ರಿಕ್ ಕ್ಲೂಟೆ ಅದರ ಹೆಸರನ್ನು ಯೂರೋಪಿನ ಅರಮನೆಗಳವರೆಗೆ ಮುಟ್ಟಿಸಿದ. ಮಾಡುವ ರೀತಿ ಕೇಳಿ. ಹಣ್ಣು ಮಾಗಿದೊಡನೆ ಕೊಯ್ಯುವುದಿಲ್ಲ. ಮಸ್ಕಟ್ ಜಾತಿಯ ಗೊಂಚಲುಗಳನ್ನು ಬಳ್ಳಿಯಲ್ಲೇ ಬಿಡುತ್ತಾರೆ. ಬಿಸಿಲಿಗೂ ಗಾಳಿಗೂ ನೀರು ಆರುತ್ತದೆ, ಹಣ್ಣು ಒಣದ್ರಾಕ್ಷಿಯಂತೆ ಸುಕ್ಕುಗಟ್ಟುತ್ತದೆ, ಸಿಹಿ ಒಳಗೇ ಉಳಿಯುತ್ತದೆ. ಹಿಂಡಿದರೆ ಬರುವ ರಸ ಅತ್ಯಲ್ಪ, ಆದರೆ ಬಹು ಗಟ್ಟಿ. ಹುದುಗು ಅಷ್ಟು ಸಕ್ಕರೆಯನ್ನೂ ಮದ್ಯಸಾರವಾಗಿ ಮಾಡಲಾರದೆ ಸೋತು ನಿಲ್ಲುತ್ತದೆ. ಹಾಗೆ ಉಳಿದ ಸಿಹಿಯೇ ಈ ವೈನಿನ ಸಿಹಿ. ಬಳಿಕ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಇದನ್ನು ಲೋಟ ತುಂಬಿ ಕುಡಿಯುವುದಿಲ್ಲ. ಊಟ ಮುಗಿದ ಮೇಲೆ ಪುಟ್ಟ ಗಾಜಿನ ಬಟ್ಟಲಲ್ಲಿ ಒಂದಿಷ್ಟು, ತಂಪಾಗಿ, ಗುಟುಕು ಗುಟುಕಾಗಿ ಸವಿಯುತ್ತಾರೆ. ಜೇನು, ಕಿತ್ತಳೆ ಸಿಪ್ಪೆಯ ವಾಸನೆ ಬಾಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ.

ಆದರೆ ಆ ಗೊಂಚಲುಗಳನ್ನು ಕೊಯ್ದ, ತುಳಿದ ಜನ ಯಾರು? ಗುಲಾಮರು. ಮಡಗಾಸ್ಕರ್, ಮೊಜಾಂಬಿಕ್‌ಗಳಿಂದ ಮಾತ್ರವಲ್ಲ, ನಮ್ಮ ಬಂಗಾಳ, ಮಲಬಾರ್, ಕೋರಮಂಡಲ ತೀರಗಳಿಂದಲೂ ಜನರನ್ನು ಹಡಗಿಗೆ ತುಂಬಿ ಕೇಪ್‌ನಲ್ಲಿ ಮಾರಿದ್ದರು. ಅವರಿಗೆ ನಿಜವಾದ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಫ್ರಾನ್ಸಿನ ವಸಾಹತುಗಳಲ್ಲಿ ರದ್ದಾಗಿದ್ದ ಗುಲಾಮಗಿರಿಯನ್ನು 1802ರಲ್ಲಿ ಮತ್ತೆ ಜಾರಿಗೆ ತಂದವನು ಇದೇ ನೆಪೋಲಿಯನ್. ಈಗ ಅವನೇ ಸೆರೆಯಾಳು. ಅವನ ಬಟ್ಟಲಲ್ಲಿದ್ದುದು ಸೆರೆಯಾಳುಗಳ ಬೆವರು. ಅವನಿಗೆ ಇದು ಹೊಳೆಯಿತೋ ಇಲ್ಲವೋ, ನಮಗಾದರೂ ಹೊಳೆಯಬೇಕು.

ಅವನನ್ನು ನೆನೆದು ಮರುಗಿದವರು ಯಾರು ಗೊತ್ತೇ? ಅವನೇ ಸೆರೆಯಲ್ಲಿಟ್ಟಿದ್ದ ಜಗದ್ಗುರುಗಳು. ಊರೂರು ಅಲೆಯಬೇಕಾಗಿದ್ದ ಅವನ ತಾಯಿಗೂ ಸೋದರಮಾವ ಕಾರ್ಡಿನಲ್ ಫೆಶ್ ಅವರಿಗೂ ಏಳನೆಯ ಪಯಸ್ ರೋಮಿನಲ್ಲಿ ಆಸರೆ ಕೊಟ್ಟರು. 1817ರ ಅಕ್ಟೋಬರಿನಲ್ಲಿ ತಮ್ಮ ಕಾರ್ಯದರ್ಶಿ ಕಾರ್ಡಿನಲ್ ಕೊನ್ಸಾಲ್ವಿಯವರಿಗೆ ಪತ್ರ ಬರೆದು, ಸೆರೆಯಾಳಿನ ಕಷ್ಟ ಕಡಿಮೆ ಮಾಡುವಂತೆ ಬ್ರಿಟನ್ನಿನ ಆಳರಸನನ್ನು ಬೇಡಿಕೊಳ್ಳಲು ಹೇಳಿದರು. ತಮಗಾದ ಅನ್ಯಾಯಕ್ಕಿಂತ, 1801ರಲ್ಲಿ ಧರ್ಮಸಭೆಗೆ ಅವನಿಂದಾದ ಉಪಕಾರವನ್ನೇ ಆ ಪತ್ರದಲ್ಲಿ ಅವರು ಮುಂದಿಟ್ಟರು.

1819ರ ಸೆಪ್ಟೆಂಬರಿನಲ್ಲಿ ತಾಯಿ ಮತ್ತು ಫೆಶ್ ಅವರ ಪ್ರಯತ್ನದಿಂದ ಇಬ್ಬರು ಗುರುಗಳು ಲಾಂಗ್‌ವುಡ್ ತಲುಪಿದರು. ಅಂದಿನಿಂದ ಊಟದ ಕೋಣೆಯೇ ಭಾನುವಾರದ ಪೂಜಾಗೃಹವಾಯಿತು. 1821ರ ಏಪ್ರಿಲಿನಲ್ಲಿ ಬರೆದ ಉಯಿಲಿನಲ್ಲಿ, ತಾನು ಹುಟ್ಟಿದ ಕಥೋಲಿಕ ವಿಶ್ವಾಸದಲ್ಲೇ ಸಾಯುವುದಾಗಿ ನೆಪೋಲಿಯನ್ ತಿಳಿಸಿದ. ಮೇ ತಿಂಗಳ ಮೊದಲ ದಿನಗಳಲ್ಲಿ ವಿಗ್ನಾಲಿ ಸ್ವಾಮಿಗಳು ಅವನಿಗೆ ಅಂತ್ಯಾಭ್ಯಂಜನ ನೀಡಿದರು. ಮೇ 5ರ ಸಂಜೆ, 51ನೆಯ ವಯಸ್ಸಿನಲ್ಲಿ ಅವನು ಕಣ್ಣು ಮುಚ್ಚಿದ.

ಕಾನ್‌ಸ್ಟಾನ್ಷಿಯಾದ ಬಳ್ಳಿಗಳೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರೋಗಕ್ಕೂ ಬೇರು ತಿನ್ನುವ ಕೀಟಕ್ಕೂ ತುತ್ತಾದವು. ನೂರು ವರ್ಷಗಳ ಬಳಿಕ, 1986ರ ಸುಗ್ಗಿಯಿಂದ ಆ ಸಿಹಿ ವೈನನ್ನು ಅಲ್ಲಿ ಮತ್ತೆ ಮಾಡತೊಡಗಿದರು.

ನೆಪೋಲಿಯನ್‌ನ ಹೃದಯದೊಳಗೆ ನಡೆದದ್ದನ್ನು ಬಲ್ಲವನು ದೇವರೊಬ್ಬನೇ. ಅವನನ್ನು ಸಂತನೆಂದು ನಾನು ಹೇಳುತ್ತಿಲ್ಲ. ಯುದ್ಧಗಳಲ್ಲಿ ಸತ್ತ ಲಕ್ಷಾಂತರ ಜನರ ಲೆಕ್ಕ ಅವನ ತಲೆಯ ಮೇಲಿದೆ. ನನ್ನ ಕಣ್ಣು ನಿಲ್ಲುವುದು ಆ ವೃದ್ಧ ಜಗದ್ಗುರುಗಳ ಮೇಲೆ. ಐದು ವರ್ಷದ ಸೆರೆ ಅವರನ್ನು ಒಣಗಿಸಿತು, ಆದರೆ ಹುಳಿ ಮಾಡಲಿಲ್ಲ. ಒಣಗಿದ ದ್ರಾಕ್ಷಿಯಲ್ಲಿ ಸಿಹಿ ಉಳಿದಂತೆ ಅವರಲ್ಲಿ ಕರುಣೆ ಉಳಿಯಿತು.

ಈ ವರ್ಷ ನಿಮ್ಮ ಭರಣಿಯ ವೈನನ್ನು ಸೋಸಿದಾಗ ಮಿತವಾಗಿ ಸವಿಯಿರಿ. ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಜಾಗದ ವ್ಯಾಜ್ಯದಿಂದಲೋ, ಹಳೆಯ ಮಾತೊಂದರಿಂದಲೋ, ವರ್ಷಗಳಿಂದ ಮಾತು ಬಿಟ್ಟ ಅಣ್ಣನೋ ತಂಗಿಯೋ ನಿಮಗಿದ್ದರೆ ಮೊದಲ ಬಾಟಲಿಯನ್ನು ಕುಸ್ವಾರಿನ ತಟ್ಟೆಯೊಡನೆ ಆ ಮನೆಗೆ ಕೊಂಡೊಯ್ಯಿರಿ. ಮಕ್ಕಳ ಕೈಯಲ್ಲಿ ಕಳುಹಿಸಬೇಡಿ, ನೀವೇ ಹೋಗಿ. ಪ್ರಭು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.